ನಲವತ್ತೊಂದನೇ ಬಿಲ್ಲೆ

ನಮ್ಮಪ್ಪ ಮನೆ ಬಿಟ್ಟು ಓಡಿಹೋದವನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದಿನದನ್ನು ಕೇಳಲು ನಿಮಗೆ ಪುರುಸೊತ್ತಾಗದೆ ಹೋದರೂ ಇಷ್ಟು ಗೊತ್ತಿರಲಿ. ಅವನು ಸೈನ್ಯದ ಹಿಂದೆ ಬಟ್ಟೆ ಒಗೆಯಲು ಹೋದ. ಅಲ್ಲೇ ಸತ್ತ. ಅರವತ್ತೆಂಟು ವರ್ಷವಾಯಿತು. ಆಗ ನನಗೆ ಆರು ವರ್ಷ.

ಓಡಿಹೋದ ಅಂತ ಬರೆದವರು ಶಾಲೆಯ ಮೇಷ್ಟ್ರು. ನನ್ನನ್ನು ಸೇರಿಸಲು ಅವ್ವ ಕೈಹಿಡಿದು ಕರೆದುಕೊಂಡು ಹೋಗಿದ್ದಳು. ತಂದೆ ಎಲ್ಲಿ ಅಂತ ಕೇಳಿದರು. ಯುದ್ಧದಲ್ಲಿ ತೀರಿಕೊಂಡರು ಅಂದಳು ಅವ್ವ. ಕಾಗದ ತೋರಿಸು ಅಂದರು. ಅವಳ ಹತ್ತಿರ ಕಾಗದ ಇರಲಿಲ್ಲ. ಕಾಗದ ಇಲ್ಲದೆ ಸತ್ತ ಅಂತ ಬರೆಯೋಕಾಗಲ್ಲ, ಮನೆಯಲ್ಲಂತೂ ಇಲ್ಲವಲ್ಲ ಅಂದು ಮೇಷ್ಟ್ರು ಒಂದು ಸಾಲು ಬರೆದರು. ‘ತಂದೆ ಮನೆ ಬಿಟ್ಟು ಹೋಗಿದ್ದಾನೆ.’ ಅವರಿಗೆ ಮಧ್ಯಾಹ್ನದ ಊಟಕ್ಕೆ ಹೊತ್ತಾಗಿತ್ತು.

ಆ ಒಂದು ಸಾಲು ನನ್ನ ಬೆನ್ನು ಬಿಡಲಿಲ್ಲ. ಶಾಲೆಯ ಪುಸ್ತಕದಿಂದ ಪಡಿತರದ ಕಾರ್ಡಿಗೆ ಹೋಯಿತು. ಅಲ್ಲಿಂದ ಆಸ್ಪತ್ರೆಯ ಕೆಲಸದ ಅರ್ಜಿಗೆ ಹೋಯಿತು. ನನ್ನ ಮದುವೆಯ ಮಾತುಕತೆಯಲ್ಲಿ ಗಂಡಿನ ಸೋದರತ್ತೆ ಅದನ್ನು ಎತ್ತಿದಳು. ಅಪ್ಪ ಕಾಲ್ಕಿತ್ತವನು, ಮಗಳು ನಿಂತಾಳೆಯೇ ಅಂತ ಕೇಳಿದಳು. ನಾನು ನಿಂತೆ. ಐವತ್ತೊಂದು ವರ್ಷ ಆಸ್ಪತ್ರೆಯ ಬಟ್ಟೆಕೋಣೆಯಲ್ಲಿ ನಿಂತೇ ಇದ್ದೆ. ಮಂಡಿಯ ಚಿಪ್ಪು ಸವೆದಿದೆ. ಈಗ ಕೂತು ಚಾದರ ಮಡಚುವ ಕೆಲಸ ಕೊಟ್ಟಿದ್ದಾರೆ.

ನಾನು ಓದಿದ್ದು ಎರಡನೇ ಕ್ಲಾಸು. ಮೂರನೆಯದಕ್ಕೆ ಹೋಗುವಷ್ಟರಲ್ಲಿ ಅವ್ವನಿಗೆ ಇನ್ನೊಂದು ಜೊತೆ ಕೈ ಬೇಕಾಗಿತ್ತು. ಆದರೆ ಕಂಡದ್ದು, ಕೇಳಿದ್ದು ಮರೆತಿಲ್ಲ. ಬರೆದಿಟ್ಟುಕೊಳ್ಳಲು ಬಾರದವರು ನೆನಪಿಟ್ಟುಕೊಳ್ಳಬೇಕಾಗುತ್ತದೆ.

ನಮ್ಮ ಕಸುಬಿನಲ್ಲಿ ಸರದಿ ಮನುಷ್ಯನದಲ್ಲ, ಮನೆಯದು. ದಂಡಿನ ಹಿಂಬದಿಯಲ್ಲಿ ಅಗಸರ ಸಾಲು ಇತ್ತು. ಒಂದೊಂದು ಮನೆಗೂ ಒಂದೊಂದು ಒಗೆಯುವ ಕಲ್ಲು. ಒಂದೊಂದು ಕಲ್ಲಿಗೂ ಒಂದು ತಗಡಿನ ಬಿಲ್ಲೆ, ಅದರ ಮೇಲೆ ಒಂದು ನಂಬರು. ನಮ್ಮದು ನಲವತ್ತೊಂದು. ಬಿಲ್ಲೆ ಹಾಕಿಕೊಂಡವನಿಗೆ ಜ್ವರ ಬಂದರೆ ಅವನ ತಮ್ಮ ಹೋಗಿ ಕಲ್ಲಿನ ಮುಂದೆ ನಿಲ್ಲುತ್ತಿದ್ದ. ತಮ್ಮನಿಗೂ ಆಗದಿದ್ದರೆ ಮಗ. ಇದನ್ನು ಯಾರೂ ಕೇಳುತ್ತಿರಲಿಲ್ಲ, ಯಾರೂ ಹೇಳುತ್ತಿರಲಿಲ್ಲ. ಕಲ್ಲು ಖಾಲಿ ಬಿಟ್ಟರೆ ಮಾತ್ರ ಮೋಸ. ದಿನಾ ಬೆಳಿಗ್ಗೆ ಹವಾಲ್ದಾರ ಬಂದು ಬಿಲ್ಲೆ ಎಣಿಸುತ್ತಿದ್ದ. ಮುಖ ನೋಡುತ್ತಿರಲಿಲ್ಲ. ಬಟ್ಟೆ ಒಗೆಯುವವನ ಮುಖ ಸದಾ ಬಗ್ಗಿರುತ್ತದೆ, ನೋಡಬೇಕು ಅಂದರೂ ಏನು ಕಾಣುತ್ತದೆ.

ಯುದ್ಧ ಬಂದಾಗ ಬಿಲ್ಲೆ ಇದ್ದವರನ್ನೆಲ್ಲ ಲಾರಿಗೆ ಹತ್ತಿಸಿದರು. ಮೊದಲು ಹೋದವನು ದೊಡ್ಡಪ್ಪ, ನಮ್ಮಪ್ಪನ ಅಣ್ಣ. ನಲವತ್ತೊಂದರ ಎದುರು ಅವನ ಹೆಸರು ಬರೆದುಕೊಂಡರು. ಎಂಟು ತಿಂಗಳು ಅಲ್ಲಿದ್ದ. ಸಿಪಾಯಿಗಳ ಸಮವಸ್ತ್ರ ಒಗೆಯುತ್ತೇವೆ ಅಂತ ಹೋದವರು ಗಾಯದ ಪಟ್ಟಿ ಒಗೆದರು. ರಕ್ತದ ಬಟ್ಟೆಯನ್ನು ಮೊದಲು ತಣ್ಣೀರಿಗೆ ಹಾಕಬೇಕು. ಬಿಸಿನೀರಿಗೆ ಹಾಕಿದರೆ ಕಲೆ ಕೂತುಬಿಡುತ್ತದೆ. ಮಂಜು ಬೀಳುವ ಊರಿನಲ್ಲಿ, ಹೊಳೆಯ ನೀರಿನಲ್ಲಿ, ದಿನಕ್ಕೆ ನಾನೂರು ಪಟ್ಟಿ. ಆಮೇಲೆ ಸೋಡಾ ಹಾಕಿ ಹಂಡೆಯಲ್ಲಿ ಕುದಿಸುವುದು. ತಣ್ಣೀರು, ಕುದಿನೀರು, ತಣ್ಣೀರು. ದೊಡ್ಡಪ್ಪನ ಬೆರಳಸಂದಿ ಒಡೆದು ಕೀವಾಯಿತು. ಅಂಗೈಯ ಚರ್ಮ ಸುಲಿದು ಬಂತು. ಸಿಪಾಯಿಗಳ ಡಾಕ್ಟರು ನಮ್ಮವರನ್ನು ಮುಟ್ಟುತ್ತಿರಲಿಲ್ಲ.

ಇಪ್ಪತ್ತು ದಿನದ ರಜೆ ಕೊಟ್ಟು ಕಳಿಸಿದರು. ಇಪ್ಪತ್ತೊಂದನೇ ದಿನ ಲಾರಿ ಬರುತ್ತದೆ, ಬಿಲ್ಲೆ ಹತ್ತದಿದ್ದರೆ ಸಾಲಿನ ಮನೆ ಖಾಲಿ ಮಾಡಬೇಕು ಅಂದಿದ್ದರು. ಇಪ್ಪತ್ತು ದಿನದಲ್ಲಿ ಗಾಯ ಒಣಗಿತು, ಆದರೆ ಮುಷ್ಟಿ ಮುಚ್ಚಲಿಲ್ಲ. ದೊಡ್ಡಪ್ಪ ಒಂದು ಕರವಸ್ತ್ರ ಹಿಂಡಲು ನೋಡಿದ, ಆಗಲಿಲ್ಲ. ಅಪ್ಪ ಪಕ್ಕದಲ್ಲೇ ನಿಂತು ಅದನ್ನು ನೋಡಿದ.

ಲಾರಿ ಬಂದ ಬೆಳಿಗ್ಗೆ ದೊಡ್ಡಪ್ಪ ಕತ್ತಿನಿಂದ ಬಿಲ್ಲೆಯ ದಾರ ತೆಗೆಯಲು ಹೋದ. ಬೆರಳು ಬಗ್ಗಲಿಲ್ಲ. ಅಪ್ಪನೇ ತೆಗೆದು ತನ್ನ ಕತ್ತಿಗೆ ಹಾಕಿಕೊಂಡ. ದೊಡ್ಡಪ್ಪ ಎತ್ತರದವನು, ದಾರ ಉದ್ದವಾಗಿತ್ತು. ಅಪ್ಪ ಒಂದು ಗಂಟು ಹಾಕಿ ಚಿಕ್ಕದು ಮಾಡಿಕೊಂಡ. ಆಮೇಲೆ ನನ್ನ ಕಡೆ ತಿರುಗಿದ.

“ಚಾದರ ಹಿಂಡೋವಾಗ ಆ ಕಡೆ ತುದಿ ನೀನು ಹಿಡ್ಕೋಬೇಕು ಮಗಳೇ. ಅವ್ವ ತಿರುವ್ತಾಳೆ. ನೀನು ಬಿಡಬಾರದು, ಅಷ್ಟೆ.”

ಅವನು ನನಗೆ ಹೇಳಿದ ಕೊನೆಯ ಮಾತು ಇದು. ಲಾರಿಯ ಹತ್ತಿರ ಹವಾಲ್ದಾರ ಬಿಲ್ಲೆ ನೋಡಿ ನಲವತ್ತೊಂದು ಅಂದ. ಅಪ್ಪ ಹತ್ತಿದ.

ಹನ್ನೊಂದು ತಿಂಗಳಿಗೆ ಒಂದು ಕಾರ್ಡು ಬಂತು. ನಮ್ಮ ಸಾಲಿನಲ್ಲಿ ಓದುವವರಿರಲಿಲ್ಲ, ಪೋಸ್ಟಿನವನೇ ಓದಿ ಹೇಳುತ್ತಿದ್ದ. ಬಿಲ್ಲೆ ನಲವತ್ತೊಂದು, ಅಗಸ, ಜ್ವರದಿಂದ ಮೃತ ಅಂತ ಓದಿದ. ಆಮೇಲೆ ಹೆಸರು ಓದಿದ. ದೊಡ್ಡಪ್ಪನ ಹೆಸರು. ದೊಡ್ಡಪ್ಪ ಹೊಸಿಲ ಮೇಲೆ ಕೂತು ಕೇಳುತ್ತಿದ್ದ. ಪೋಸ್ಟಿನವನು ಕಾರ್ಡು ನೋಡಿದ, ದೊಡ್ಡಪ್ಪನ ಮುಖ ನೋಡಿದ. ಇದು ನೀನೇ ಅಲ್ಲವೇನಯ್ಯ ಅಂದ. ಹೌದು ನಾನೇ ಅಂದ ದೊಡ್ಡಪ್ಪ. ಅವನಿಗೆ ಇನ್ನೂ ಹೊಳೆದಿರಲಿಲ್ಲ.

ಅವ್ವನಿಗೆ ಮೊದಲು ಹೊಳೆಯಿತು. ಕೈಯಲ್ಲಿ ಒದ್ದೆ ಬಟ್ಟೆ ಇತ್ತು. ಅದನ್ನು ಪೂರ್ತಿ ಹಿಂಡಿದಳು, ಕೊಡವಿದಳು, ಹಗ್ಗಕ್ಕೆ ಹಾಕಿದಳು. ಆಮೇಲೆ ಕೂತಳು.

ದೊಡ್ಡಪ್ಪ ಕಾರ್ಡು ಹಿಡಿದು ದಂಡಿನ ಕಚೇರಿಗೆ ಹೋದ. ಸತ್ತವನು ನಾನಲ್ಲ, ನನ್ನ ತಮ್ಮ ಅಂದ. ಅವರು ಕೂಡಿಸಿ ಕೇಳಿದರು. ನಿನ್ನ ಬಿಲ್ಲೆ ಇನ್ನೊಬ್ಬನಿಗೆ ಕೊಟ್ಟೆಯಾ? ಸೈನ್ಯದ ಕೆಲಸದಿಂದ ತಪ್ಪಿಸಿಕೊಂಡೆಯಾ? ಇದಕ್ಕೆ ಎಷ್ಟು ವರ್ಷ ಜೈಲು ಗೊತ್ತಾ? ಕಲ್ಲು ಖಾಲಿ ಬಿಡಬಾರದು ಅಂತ ಕಳಿಸಿದೆವು ಸ್ವಾಮಿ ಅಂದನಂತೆ. ಅವರಿಗೆ ಆ ಮಾತು ಅರ್ಥವಾಗಲಿಲ್ಲ. ಅವರ ಮನೆಗಳಲ್ಲಿ ಕೆಲಸ ಒಬ್ಬೊಬ್ಬರದು. ದೊಡ್ಡಪ್ಪ ಬಾಯಿ ಮುಚ್ಚಿಕೊಂಡು ಬಂದ. ಕಲ್ಲು ಬೇರೆ ಮನೆಗೆ ಹೋಯಿತು. ನಾವು ಸಾಲು ಬಿಟ್ಟು ಊರಾಚೆಯ ತಗಡಿನ ಮನೆಗಳಿಗೆ ಬಂದೆವು.

ಆಮೇಲೆ ಇಪ್ಪತ್ತೊಂಬತ್ತು ವರ್ಷ ಬದುಕಿದ ನಮ್ಮ ದೊಡ್ಡಪ್ಪ, ಕಾಗದದಲ್ಲಿ ಸತ್ತುಹೋಗಿ. ಎಲ್ಲಿಯೂ ಅವನ ಹೆಸರಿಗೆ ಕೆಲಸ ಸಿಗಲಿಲ್ಲ. ದೊಡ್ಡಮ್ಮನ ಹೆಸರಲ್ಲಿ ಇಸ್ತ್ರಿ ಅಂಗಡಿ ಹಾಕಿದ. ಮುಷ್ಟಿ ಮುಚ್ಚದ ಕೈಗೆ ಇಸ್ತ್ರಿಪೆಟ್ಟಿಗೆಯ ಹಿಡಿಯನ್ನು ಬಟ್ಟೆಯಿಂದ ಕಟ್ಟಿಕೊಳ್ಳುತ್ತಿದ್ದ. ನನ್ನನ್ನು, ಅವ್ವನನ್ನು ಅವನೇ ಸಾಕಿದ. ಕಾರ್ಡು ಬಂದು ಎರಡು ವರ್ಷಕ್ಕೆ ಅವನಿಗೆ ಒಬ್ಬ ಮಗ ಹುಟ್ಟಿದ. ಕೇರಿಯವರು ದೆವ್ವದ ಮಗ ಬಂದ ಅಂತ ನಗಾಡಿದರು. ಆ ಮಗನೇ ನನ್ನ ತಮ್ಮ. ತನ್ನಪ್ಪನ ಅಂಗಡಿಯನ್ನೇ ನಡೆಸುತ್ತಾನೆ. ಅರವತ್ತೈದಾದರೂ ಕೇರಿಯಲ್ಲಿ ಅವನನ್ನು ದೆವ್ವ ಅಂತಲೇ ಕರೆಯುತ್ತಾರೆ. ಅವನೂ ಓಗೊಡುತ್ತಾನೆ.

ಊರ ನಡುವಿನ ಉದ್ಯಾನದಲ್ಲಿ ಒಂದು ಕಲ್ಲಿನ ಗೋಡೆ ಇದೆ. ಯುದ್ಧಕ್ಕೆ ಹೋಗಿ ಸತ್ತ ಸಿಪಾಯಿಗಳ ಹೆಸರು ಅದರ ಮೇಲಿದೆ. ಹೊರೆ ಹೊತ್ತವರು, ಕ್ಷೌರದವರು, ಕಕ್ಕಸು ಬಳಿದವರು, ನಾವು, ಯಾರೂ ಅದರಲ್ಲಿಲ್ಲ. ನಲವತ್ತು ವರ್ಷ ಅರ್ಜಿ ಕೊಟ್ಟ ಮೇಲೆ ಹೋದ ವರ್ಷ ಅಪ್ಪಣೆಯಾಯಿತು. ಸೈನ್ಯದ ಹಿಂದೆ ಕೆಲಸಕ್ಕೆ ಹೋಗಿ ಸತ್ತವರ ಹೆಸರನ್ನೂ ಕೆತ್ತುತ್ತಾರಂತೆ. ಗೋಡೆಯ ಹಿಂಬದಿಗೆ. ಹಿಂಬದಿಗೆ ಯಾಕೆ ಅಂತ ನಮ್ಮ ಕೇರಿಯವರೊಬ್ಬರು ಕೇಳಿದ್ದಕ್ಕೆ ಮುಂದೆ ಜಾಗ ಇಲ್ಲ ಅಂದರಂತೆ. ನಾನು ಹೋಗಿ ನೋಡಿ ಬಂದೆ. ಮುಂದೆ ಕೆಳಗಡೆ ಎರಡು ಮೊಳ ಖಾಲಿ ಇತ್ತು. ಸುಮ್ಮನಿದ್ದೆ. ಹಿಂದಾದರೂ ಸರಿ, ಹೆಸರು ಬಂದರೆ ಸಾಕಾಗಿತ್ತು. ಕಲ್ಲಿನ ಮೇಲೆ ಬಂದರೆ ಶಾಲೆಯ ಆ ಸಾಲು ಸುಳ್ಳಾಗುತ್ತದೆ ಅಂತ ನನ್ನ ಲೆಕ್ಕ.

ಗೋಡೆಯ ಹೆಸರುಗಳ ಪಟ್ಟಿ ಮಾಡುವ ಕಚೇರಿಗೆ ಹದಿನಾಲ್ಕು ಸಲ ಹೋದೆ. ಎರಡನೇ ಮಹಡಿ. ಒಂದೊಂದು ಮೆಟ್ಟಿಲಿಗೂ ಎರಡೂ ಕಾಲಿಟ್ಟು ಹತ್ತಬೇಕು. ಮೊದಲ ಸಲ ಕಿಟಕಿಯ ಗುಮಾಸ್ತ ಪಟ್ಟಿ ಹೇಳಿದ. ವಂಶವೃಕ್ಷ ಬೇಕು, ಸೇವೆಯ ದಾಖಲೆ ಬೇಕು, ಮರಣದ ದಾಖಲೆ ಬೇಕು, ಎಲ್ಲ ಮೂರು ಮೂರು ಪ್ರತಿ. ಫೋಟೋ ಇದೆಯಾ? ಇಲ್ಲ. ಅವರು ಬರೆದ ಕಾಗದ? ಬರೆಯಲು ಬರುತ್ತಿರಲಿಲ್ಲ. ಪದಕ ಏನಾದರೂ? ಅದನ್ನು ಕೇಳಿ ಅವನಿಗೇ ನಗು ಬಂತು. ಬಟ್ಟೆ ಒಗೆದಿದ್ದಕ್ಕೆ ಪದಕ ಕೊಡುತ್ತಾರಾ ಅಜ್ಜಿ ಅಂದ. ನಾನೂ ನಕ್ಕೆ. ನಗದಿದ್ದರೆ ಅರ್ಜಿ ಅಡಿಗೆ ಹೋಗುತ್ತದೆ.

ಐದನೇ ಸಲ ಹೋದಾಗ ಅವನು ಕಿಟಕಿಯ ಪರದೆಗಳನ್ನು ಬಿಚ್ಚಿ ಗಂಟು ಕಟ್ಟಿ ಇಟ್ಟಿದ್ದ. ಹೇಗೂ ಬಂದಿದ್ದೀರಲ್ಲ, ನಿಮ್ಮ ಕೈಯಲ್ಲಿ ಒಗೆದರೆ ಬೆಳ್ಳಗಾಗುತ್ತದೆ ಅಂದ. ಎಪ್ಪತ್ತನಾಲ್ಕು ವರ್ಷದವಳು ಆ ಗಂಟನ್ನು ತಲೆಯ ಮೇಲೆ ಹೊತ್ತು ಮೆಟ್ಟಿಲಿಳಿದೆ. ನೆನೆಹಾಕಿದೆ, ಉಜ್ಜಿದೆ, ಹಿಂಡಿದೆ. ಆ ಕಡೆ ತುದಿ ಹಿಡಿಯಲು ಯಾರೂ ಇರಲಿಲ್ಲ, ಕಂಬಕ್ಕೆ ಕಟ್ಟಿ ತಿರುವಿದೆ. ಆರನೇ ಸಲ ಒಯ್ದು ಕೊಟ್ಟೆ. ಕಡತ ಮುಂದೆ ಹೋಯಿತಾ ಅಂತ ಕೇಳಿದೆ. ನೋಡೋಣ ಅಂದ.

ಕೊನೆಗೆ ಸಹಾಯ ಮಾಡಿದವನು ದಾಖಲೆ ಕೋಣೆಯವನು. ವಯಸ್ಸಾದವನು, ಧೂಳಿಗೆ ಕೆಮ್ಮು ಹಿಡಿಸಿಕೊಂಡವನು. ಹೆಸರಿನಲ್ಲಿ ಹುಡುಕಿದರೆ ಸಿಗಲ್ಲ ಅಜ್ಜಿ, ನಂಬರು ಗೊತ್ತಾ ಅಂತ ಕೇಳಿದ. ನಲವತ್ತೊಂದು ಅಂದೆ. ಹನ್ನೆರಡನೇ ಸಲಕ್ಕೆ ಹುಳ ತಿಂದ ಒಂದು ಉದ್ದನೆಯ ಪುಸ್ತಕ ಹುಡುಕಿ ತೆಗೆದಿದ್ದ. ಕುದುರೆಗಳ ಪಟ್ಟಿ ಆದ ಮೇಲೆ ನಮ್ಮ ಪಟ್ಟಿ. ಕುದುರೆಗಳಿಗೆ ಬಣ್ಣ, ವಯಸ್ಸು, ಹಣೆಯ ಗುರುತು ಎಲ್ಲ ಬರೆದಿದ್ದರು. ನಮ್ಮವರಿಗೆ ನಂಬರು, ಕಸುಬು, ಹೆಸರು, ಅಷ್ಟೇ.

“ಸಿಕ್ತು ನೋಡಿ,” ಅಂದ. ಅವನಿಗೆ ನಿಜವಾಗಿ ಸಂತೋಷವಾಗಿತ್ತು. “ನಲವತ್ತೊಂದು, ಅಗಸ, ಮೃತ. ಇನ್ನೇನು ಬೇಕು ನಿಮಗೆ?”

ಹೆಸರು ಓದಿ ಅಂದೆ. ಓದಿದ.

“ಅದು ನಮ್ಮ ದೊಡ್ಡಪ್ಪನ ಹೆಸರು. ಸತ್ತಿದ್ದು ನಮ್ಮಪ್ಪ.”

ಅವನು ಪುಸ್ತಕ ಮುಚ್ಚಿದ. ಎದ್ದು ಹೋಗಿ ಕೋಣೆಯ ಬಾಗಿಲನ್ನೂ ಮುಚ್ಚಿದ. ನಾನು ಎಲ್ಲ ಹೇಳಿದೆ. ಕೇಳಿಸಿಕೊಂಡ. ಆಮೇಲೆ ಮೆಲ್ಲಗೆ ಅಂದ, ಇದನ್ನು ನಮ್ಮ ಅಧಿಕಾರಿ ಮೇಡಂ ಹತ್ತಿರ ಹೇಳಬೇಡಿ, ಈ ಹೆಸರೇ ನಿಮ್ಮಪ್ಪನದು ಅಂದುಬಿಡಿ, ಯಾರು ಬಂದು ನೋಡುತ್ತಾರೆ ಅಂತ. ಒಳ್ಳೆಯದಕ್ಕೇ ಹೇಳಿದ. ಆದರೆ ಅಪ್ಪನಿಗೆ ಇಟ್ಟಿದ್ದೇ ಒಂದು ಹೆಸರು. ಅದನ್ನು ಬಿಟ್ಟು ಇನ್ನೊಂದನ್ನು ಕೆತ್ತಿಸಲು ನಾನು ಇಷ್ಟು ಸಲ ಯಾಕೆ ಹತ್ತಬೇಕು. ಮೇಡಂ ಹತ್ತಿರ ಇದ್ದದ್ದನ್ನು ಇದ್ದಂತೆ ಹೇಳಿದೆ.

ಮೇಡಂ ಕೆಟ್ಟವರಲ್ಲ. ಕುರ್ಚಿ ಕೊಟ್ಟರು, ನೀರು ಕೊಟ್ಟರು. ಒಂದು ಬಿಲ್ಲೆಗೆ ಒಬ್ಬನೇ ಮನುಷ್ಯ ಅಂತ ನಿಯಮ ಇದೆ ಅಂದರು. ಪುಸ್ತಕದಲ್ಲಿರುವ ಹೆಸರು ಕಲ್ಲಿಗೆ ಹೋಗುತ್ತದೆ, ಪುಸ್ತಕದಲ್ಲಿ ಇಲ್ಲದ್ದು ಹೋಗುವುದಿಲ್ಲ. ಬೇಕಾದರೆ ದೊಡ್ಡಪ್ಪನ ಹೆಸರು ಹಾಕಿಸಬಹುದು, ಅವರ ಮಗ ಇದ್ದಾರಲ್ಲ, ಅವರು ಅರ್ಜಿ ಕೊಡಲಿ. ಮನೆತನದಲ್ಲಿ ಬದುಕಿರುವ ಹಿರಿಯರು ವಂಶವೃಕ್ಷಕ್ಕೆ ಸಹಿ ಹಾಕಬೇಕು. ಹಿರಿಯಳು ನಾನೇ.

ತಮ್ಮನನ್ನು ಕರೆಸಿದರು. ಅವನು ಇಸ್ತ್ರಿ ಅಂಗಡಿಗೆ ಬಾಗಿಲು ಹಾಕಿ, ಊದಿದ ಕಾಲು ಎಳೆದುಕೊಂಡು ಬಂದ. ಅವನು ಹುಟ್ಟಿದ ವರ್ಷ ಬರೆದುಕೊಳ್ಳುವಾಗ ದಾಖಲೆ ಕೋಣೆಯವನ ಪೆನ್ನು ನಿಂತಿತು. ಬೆರಳಲ್ಲಿ ಎಣಿಸಿದ. ಮತ್ತೆ ಎಣಿಸಿದ.

“ನಿಮ್ಮ ತಂದೆ ತೀರಿಕೊಂಡು ಎರಡು ವರ್ಷಕ್ಕೆ ನೀವು ಹುಟ್ಟಿದೀರಾ?”

“ಅದಕ್ಕೇ ನನ್ನ ದೆವ್ವ ಅನ್ನೋದು ಸಾರ್,” ಅಂದ ತಮ್ಮ.

ಎಲ್ಲರೂ ನಕ್ಕರು. ಮೇಡಂ ಕೂಡ. ಆಮೇಲೆ ಮೇಡಂ ಅದಕ್ಕೂ ದಾರಿ ಹೇಳಿದರು. ವಯಸ್ಸು ಮೂರು ವರ್ಷ ಜಾಸ್ತಿ ಅಂತ ಒಂದು ಅಫಿಡವಿಟ್ ಮಾಡಿಸಿದರೆ ಸರಿಹೋಗುತ್ತದೆ. ತಮ್ಮ ಆಗಲಿ ಅಂದ. ಕಾಗದದಲ್ಲಿ ಸತ್ತವನನ್ನು ಬದುಕಿದ್ದ ಅನ್ನಲು ಸರ್ಕಾರಕ್ಕೆ ಆಗುವುದಿಲ್ಲ. ಬದುಕಿದ್ದವನನ್ನು ಸತ್ತ ಅನ್ನಲು ಒಂದು ಮಧ್ಯಾಹ್ನ ಸಾಕಾಯಿತು.

ಮನೆಗೆ ಬಂದ ಮೇಲೆ ತಮ್ಮನೇ ಶುರು ಮಾಡಿದ. ಹೆಸರು ಯಾವುದಾದರೇನು, ಮನೆಯದು ಒಂದು ಹೆಸರು ಇರಲಿ ಅಂದ. ಬಿಲ್ಲೆ ಮನೆಯದು ಅಂತ ನೀನೇ ಹೇಳುತ್ತೀಯಲ್ಲ ಅಂದ. ಸತ್ತವನು ನನ್ನಪ್ಪ, ನಿನ್ನಪ್ಪ ಅಲ್ಲ ಅಂದೆ.

“ನಿನ್ನಪ್ಪ ಒಂದು ಸಲ ಸತ್ತ ಅಕ್ಕ. ನಮ್ಮಪ್ಪ ಇಪ್ಪತ್ತೊಂಬತ್ತು ವರ್ಷ ದಿನಾ ಸತ್ತ. ಅಂಗಡಿಗೆ ಯಾರು ಬಂದು ಹೆಸರು ಕೇಳಿದ್ರೂ ಅಮ್ಮನ ಹೆಸರು ಹೇಳೋನು. ಬದುಕಿದ್ದಾಗ ಅವನಿಗೆ ಹೆಸರಿರಲಿಲ್ಲ. ಈಗ್ಲಾದ್ರೂ ಇರಲಿ ಬಿಡು.”

ಆ ಮನುಷ್ಯನ ಅನ್ನ ತಿಂದು ಬೆಳೆದವಳು ನಾನು. ಅವನ ಹೆಸರು ಬೇಡ ಅಂತ ಯಾವ ಬಾಯಲ್ಲಿ ಹೇಳಲಿ. ಮೂರು ದಿನ ಚಾದರ ಮಡಚುತ್ತಾ ಅದನ್ನೇ ಯೋಚಿಸಿದೆ. ಸಾಕಾಗಿತ್ತು. ಮಂಡಿಗೂ ಸಾಕಾಗಿತ್ತು. ಗೋಡೆ ಉದ್ಘಾಟನೆಗೆ ಒಂಬತ್ತು ದಿನ ಉಳಿದಿತ್ತು. ಸಹಿ ಹಾಕಿಬಿಡೋಣ ಅಂತಲೇ ನಾಲ್ಕನೇ ದಿನ ಮೆಟ್ಟಿಲು ಹತ್ತಿದೆ. ತಮ್ಮ ಜೊತೆಗಿದ್ದ.

ಮೇಡಂ ವಂಶವೃಕ್ಷವನ್ನು ಟೈಪು ಮಾಡಿಸಿ ಇಟ್ಟಿದ್ದರು. ವೃಕ್ಷ ಅಂದರೆ ನಾನು ಏನೋ ಅಂದುಕೊಂಡಿದ್ದೆ. ಚೌಕಗಳು, ನಡುವೆ ಗೆರೆಗಳು. ಮೇಲೆ ಅಜ್ಜನ ಚೌಕ. ಕೆಳಗೆ ಎರಡು. ಎಡಗಡೆ ದೊಡ್ಡಪ್ಪ, ಅವನ ಹೆಸರಿನ ಕೆಳಗೆ ‘ಯುದ್ಧಸೇವೆಯಲ್ಲಿ ಮೃತ’. ಬಲಗಡೆ ನಮ್ಮಪ್ಪ. ಪೆನ್ನು ಕೈಯಲ್ಲಿ ಹಿಡಿದುಕೊಂಡೇ ನಿಧಾನಕ್ಕೆ ಅಕ್ಷರ ಕೂಡಿಸಿಕೊಂಡು ಓದಿದೆ. ‘ಮನೆ ಬಿಟ್ಟು ಹೋಗಿದ್ದಾನೆ.’

ಶಾಲೆಯ ಪುಸ್ತಕದಿಂದ ಎತ್ತಿ ಹಾಕಿದ್ದರು. ಅರವತ್ತು ಚಿಲ್ಲರೆ ವರ್ಷ ಬೇರೆಯವರು ಬರೆದಿದ್ದರು. ಇವತ್ತು ಅದರ ಕೆಳಗೆ ನನ್ನ ಸಹಿ ಬೀಳಬೇಕಿತ್ತು. ಅಪ್ಪ ಓಡಿಹೋದ ಅಂತ ಮಗಳೇ ಒಪ್ಪಿಕೊಂಡ ಕಾಗದ.

ಪೆನ್ನು ಮೇಜಿನ ಮೇಲಿಟ್ಟೆ.

“ನಾನು ಇದಕ್ಕೆ ಸಹಿ ಹಾಕಲ್ಲ.”

ತಮ್ಮ ಅಕ್ಕಾ ಅಂದ. ಮೇಡಂ ಗಡಿಯಾರ ನೋಡಿದರು. ಕೆತ್ತುವವರಿಗೆ ಇವತ್ತೇ ಪಟ್ಟಿ ಹೋಗಬೇಕು, ಸಹಿ ಇಲ್ಲದಿದ್ದರೆ ನಿಮ್ಮ ಮನೆಯ ಯಾವ ಹೆಸರೂ ಬರುವುದಿಲ್ಲ ಅಂದರು. ಗೊತ್ತಾಯಿತು ಅಂದೆ. ಹಾಗಾದರೆ ಇನ್ನು ಹೋಗಿ ಬನ್ನಿ ಅಂದರು.

“ಹೋಗ್ತೀನಿ. ಹೆಸರು ಬರಲ್ಲ ಅಂತ ಬರ್ಕೊಡಿ.”

“ಏನಂತ ಬರೀಲಿ ಅಜ್ಜಿ?”

“ನಾನು ಏನು ಕೇಳ್ದೆ ಅಂತ. ನೀವು ಯಾಕೆ ಆಗಲ್ಲ ಅಂದ್ರಿ ಅಂತ. ಎರಡೂ.”

ಹಾಗೆಲ್ಲ ಕೊಡುವ ಪದ್ಧತಿ ಇಲ್ಲ ಅಂದರು. ಕಡತ ಬಾಕಿ ಅಂತ ಇಟ್ಟಿರುತ್ತೇವೆ, ಮುಂದೆ ನೋಡೋಣ. ನನಗೆ ಆಮೇಲೆ ದಾಖಲೆ ಕೋಣೆಯವನು ಹೇಳಿದ. ಆಗುವುದಿಲ್ಲ ಅಂತ ಬರೆದರೆ ಅದಕ್ಕೆ ನಂಬರು ಹಾಕಬೇಕು, ಕಾರಣ ಬರೆಯಬೇಕು, ಒಂದು ಪ್ರತಿ ಮೇಲಕ್ಕೆ ಕಳಿಸಬೇಕು, ಯಾರಾದರೂ ಕೇಳಿದರೆ ಉತ್ತರ ಕೊಡಬೇಕು. ಬಾಯಲ್ಲಿ ಹೋಗಿ ಬನ್ನಿ ಅಂದರೆ ಇದು ಯಾವುದೂ ಬೇಡ. ನಲವತ್ತು ವರ್ಷ ನಮಗೆಲ್ಲ ಬಾಯಲ್ಲೇ ಹೇಳಿ ಕಳಿಸಿದ್ದರು. ಅವರ ಪುಸ್ತಕದ ಪ್ರಕಾರ ನಾವು ಯಾರೂ ಅಲ್ಲಿಗೆ ಹೋಗೇ ಇರಲಿಲ್ಲ.

ನಾನು ಕುರ್ಚಿಯಿಂದ ಎದ್ದು ಬಾಗಿಲ ಹೊರಗಿನ ಬೆಂಚಿನ ಮೇಲೆ ಕೂತೆ. ಜಗಳ ಮಾಡಲಿಲ್ಲ. ನನಗೆ ಜಗಳ ಬರುವುದಿಲ್ಲ. ತಮ್ಮ ನನ್ನ ಮುಖ ನೋಡದೆ ಮೆಟ್ಟಿಲಿಳಿದು ಹೋದ. ಹನ್ನೆರಡಾಯಿತು. ಊಟಕ್ಕೆ ಎಲ್ಲರೂ ಹೋದರು, ಬಂದರು. ಗುಮಾಸ್ತ ಬಂದು, ಅಜ್ಜಿ ಹಠ ಮಾಡಬಾರದು, ನಿಮ್ಮ ವಯಸ್ಸಿಗೆ ಚೆನ್ನಾಗಿರಲ್ಲ ಅಂದ. ಹೂಂ ಅಂದೆ. ಕೂತೇ ಇದ್ದೆ. ಮೂತ್ರಕ್ಕೆ ಹೋಗಬೇಕಿತ್ತು. ಎದ್ದರೆ ಬಾಗಿಲು ಹಾಕಿಕೊಂಡಾರು ಅಂತ ತಡೆದುಕೊಂಡೆ. ಮೂರಾಯಿತು. ಬೆನ್ನಿಗೆ ಗೋಡೆ ಸಿಗಲಿಲ್ಲ, ಬೆಂಚು ಮುಂದಿತ್ತು. ಬಂದುಹೋಗುವವರು ಯಾಕಜ್ಜಿ ಕೂತಿದ್ದೀರಿ ಅಂತ ಕೇಳುತ್ತಿದ್ದರು. ಆಗಲ್ಲ ಅಂದರು, ಅದನ್ನು ಬರೆದುಕೊಡಲಿ ಅಂತ ಕೂತಿದ್ದೀನಿ ಅನ್ನುತ್ತಿದ್ದೆ. ಕೇಳಿದವರು ಒಳಗೆ ಹೋಗಿ ಅದನ್ನೇ ಹೇಳುತ್ತಿದ್ದರು. ಜವಾನ ಕಸ ಗುಡಿಸುತ್ತಾ ಬಂದ. ನಾನು ಕಾಲೆತ್ತಿದೆ. ಅವನು ಬೆಂಚಿನ ಅಡಿ ಗುಡಿಸಿ ಮುಂದೆ ಹೋದ. ಕಾಲಿಳಿಸಿದೆ.

ಐದು ಗಂಟೆಗೆ ಮೇಡಂ ಬಾಗಿಲಿಗೆ ಬಂದು ನಿಂತರು. ಅವರಿಗೂ ದಣಿವಾಗಿತ್ತು. ಉದ್ಘಾಟನೆಗೆ ದೊಡ್ಡವರು ಬರುವವರಿದ್ದರು. ಆ ಬಾಗಿಲಲ್ಲಿ ಒಬ್ಬ ಮುದುಕಿ ಒಂಬತ್ತು ದಿನ ಕೂರುವುದು ಅವರಿಗೆ ಬೇಕಾಗಿರಲಿಲ್ಲ.

“ಇಲ್ಲ ಅನ್ನೋ ಕಾಗದ ತಗೊಂಡು ಏನ್ಮಾಡ್ತೀರಿ ನೀವು?”

“ನಮ್ಮಪ್ಪನ ಹೆಸರಿರೋ ಕಾಗದ ನನ್ನ ಹತ್ರ ಒಂದೂ ಇಲ್ಲ ಮೇಡಂ.”

ಮೇಡಂ ದಾಖಲೆ ಕೋಣೆಯವನನ್ನು ಕರೆದು ಟೈಪು ಮಾಡಿ ಅಂದರು. ಅವನು ಕೇಳಿ ಕೇಳಿ ಬರೆದುಕೊಂಡ. ನಾನು ಹೇಳಿದೆ. ಅರ್ಧ ತಾಸು ಹಿಡಿಯಿತು. ಮುಗಿದ ಮೇಲೆ ಕೆಮ್ಮುತ್ತಾ ಓದಿ ಹೇಳಿದ.

‘ಅರ್ಜಿದಾರಳ ತಂದೆಯು ತನ್ನ ಅಣ್ಣನ ಹೆಸರಿನಲ್ಲಿದ್ದ ನಲವತ್ತೊಂದನೇ ಬಿಲ್ಲೆಯನ್ನು ಧರಿಸಿ, ಸೈನ್ಯದ ಅಗಸನಾಗಿ ಯುದ್ಧಭೂಮಿಗೆ ಹೋಗಿ, ಹನ್ನೊಂದು ತಿಂಗಳು ಕೆಲಸ ಮಾಡಿ, ಅಲ್ಲಿಯೇ ಮೃತಪಟ್ಟನೆಂದು ಅರ್ಜಿದಾರಳು ತಿಳಿಸಿರುತ್ತಾಳೆ. ಸದರಿಯವನ ಹೆಸರು ಯಾವ ದಾಖಲೆಯಲ್ಲಿಯೂ ಕಂಡುಬಾರದ ಕಾರಣ ಕೋರಿಕೆಯನ್ನು ತಿರಸ್ಕರಿಸಲಾಗಿದೆ.’

ತಂದೆಯು ಅಂದ ಕಡೆ ಅಪ್ಪನ ಪೂರ್ತಿ ಹೆಸರಿತ್ತು, ಅಜ್ಜನ ಹೆಸರಿನ ಜೊತೆ. ಕೆಳಗೆ ಸಹಿ, ತಾರೀಕು, ನಂಬರು. ಗುಂಡಗಿನ ಮೊಹರು. ಯಾವ ದಾಖಲೆಯಲ್ಲಿಯೂ ಇಲ್ಲ ಅಂತ ಬರೆದ ದಾಖಲೆ. ಮೇಡಂಗೆ ಅದು ಗೊತ್ತಾಯಿತೋ ಇಲ್ಲವೋ, ನನಗೆ ತಿಳಿಯದು. ದಾಖಲೆ ಕೋಣೆಯವನಿಗೆ ಗೊತ್ತಾಗಿತ್ತು. ಒಂದು ಪ್ರತಿಯನ್ನು ಕಡತಕ್ಕೆ ಸೇರಿಸಿ ದಾರ ಎಳೆದು ಕಟ್ಟಿದ. ಇನ್ನೊಂದನ್ನು ಮೇಲಕ್ಕೆ ಹೋಗುವ ಚೀಲಕ್ಕೆ ಹಾಕಿದ. ಮೂರನೆಯದು ನನ್ನದು.

ಗೋಡೆ ಉದ್ಘಾಟನೆಯಾಯಿತು. ನಮ್ಮ ಮನೆಯ ಹೆಸರಿಲ್ಲ. ಸುಳ್ಳು ಹೇಳುವುದಿಲ್ಲ, ಆ ದಿನ ಮನಸ್ಸಿಗೆ ಬಹಳ ಕಷ್ಟವಾಯಿತು. ಎರಡು ಹೆಸರಿನಲ್ಲಿ ಒಂದಾದರೂ ಬರುತ್ತಿತ್ತು, ನಾನೇ ಕಳೆದೆ. ತಮ್ಮ ಹತ್ತು ದಿನ ನನ್ನ ಮನೆಯ ಕಡೆ ತಲೆ ಹಾಕಲಿಲ್ಲ. ಹನ್ನೊಂದನೇ ದಿನ ಬಂದು ಆ ಕಾಗದ ಕೊಡು ನೋಡೋಣ ಅಂದ. ಓದಿದ. ಎರಡು ಸಲ ಓದಿದ. ವಾಪಸ್ಸು ಕೊಟ್ಟು ಹೋದ.

ಕೇರಿಯಲ್ಲಿ ಸುದ್ದಿ ಹಬ್ಬಿತ್ತು. ಅವನೇ ಹಬ್ಬಿಸಿದನೇನೋ. ಒಬ್ಬೊಬ್ಬರಾಗಿ ಬಂದರು. ಕ್ಷೌರದವನೊಬ್ಬ ಬಂದ, ಅವನ ಅಜ್ಜ ಚಿಕ್ಕಪ್ಪನ ಬಿಲ್ಲೆಯ ಮೇಲೆ ಹೋಗಿದ್ದನಂತೆ. ಹೊರೆ ಹೊರುವವರ ಮನೆಯ ಹೆಂಗಸು ಬಂದಳು, ಪುಸ್ತಕದಲ್ಲಿ ಅವಳ ಮಾವನ ಹೆಸರಿನ ಬದಲು ‘ಮತ್ತು ಇತರರು’ ಅಂತ ಇದೆಯಂತೆ. ಕಕ್ಕಸು ಬಳಿಯುವವರಿಗೆ ಬಿಲ್ಲೆಯೂ ಇರಲಿಲ್ಲವಂತೆ, ಕಸಬರಿಕೆ ಎಣಿಸಿಕೊಂಡು ಲಾರಿಗೆ ಹತ್ತಿಸಿದರಂತೆ. ನೀವು ಹೇಗೆ ಕೇಳಿದಿರಿ, ಎಲ್ಲಿ ಕೂತಿರಿ, ಎಷ್ಟು ಹೊತ್ತು ಕೂತಿರಿ ಅಂತ ವಿಚಾರಿಸಿದರು. ಹೋಗುವ ಮುಂಚೆ ಮೂತ್ರಕ್ಕೆ ಹೋಗಿಬನ್ನಿ ಅಂದೆ. ನಕ್ಕರು.

ಸೋಮವಾರ ಬೆಳಿಗ್ಗೆ ಬೆಂಚು ಸಾಲಲಿಲ್ಲ. ಹನ್ನೊಂದು ಜನ ಇದ್ದೆವು. ಉಳಿದವರು ಮೆಟ್ಟಿಲ ಮೇಲೆ ಕೂತರು. ಯಾರೂ ಕೂಗಲಿಲ್ಲ. ಗುಮಾಸ್ತ ನಮ್ಮನ್ನು ನೋಡಿ ಒಳಗೆ ಓಡಿದ. ಮೇಡಂ ಬಂದರು. ಗೋಡೆಯ ಕೆಲಸ ಮುಗಿದಿದೆ, ಇನ್ನು ಯಾವ ಹೆಸರೂ ಸೇರಿಸುವುದಿಲ್ಲ, ಎಷ್ಟು ಸಲ ಹೇಳಬೇಕು ಅಂದರು. ಕ್ಷೌರದವನು ಎದ್ದು ನಿಂತು, ನಮಗೂ ಅದೇ ಬೇಕು ಮೇಡಂ, ಒಬ್ಬೊಬ್ಬರಿಗೆ ಒಂದೊಂದು ಬರೆದುಕೊಡಿ ಅಂದ.

ಮೇಡಂ ಒಬ್ಬೊಬ್ಬರ ಮುಖವನ್ನೂ ನೋಡುತ್ತಾ ಬಂದರು. ಸಾಲಿನ ಕೊನೆಗೆ ತಮ್ಮ ಕೂತಿದ್ದ, ಊದಿದ ಕಾಲು ಮುಂದೆ ಚಾಚಿಕೊಂಡು. ಅವನು ಬರುತ್ತಾನೆ ಅಂತ ನನಗೂ ಗೊತ್ತಿರಲಿಲ್ಲ.

“ನಿಮ್ದೇನು? ನಿಮ್ಮನೆಯವರಿಗೆ ಕೊಟ್ಟಾಗಿದೆಯಲ್ಲ.”

ತಮ್ಮ ಎದ್ದ. ಗೋಡೆ ಹಿಡಿದುಕೊಂಡು ಎದ್ದ.

“ನಮ್ಮಪ್ಪ ಯುದ್ಧದಲ್ಲಿ ಸತ್ತಿಲ್ಲ ಮೇಡಂ. ವಾಪಸ್ ಬಂದು ಇಪ್ಪತ್ತೊಂಬತ್ತು ವರ್ಷ ಇಸ್ತ್ರಿ ಮಾಡಿದ್ದಾರೆ. ಮನೇಲಿ, ನನ್ನ ಕಣ್ಮುಂದೆ ತೀರ್ಕೊಂಡ್ರು. ನಾನು ಅವರಿಗೇ ಹುಟ್ಟಿದ್ದು. ಇದೂ ಆಗಲ್ಲ ಅಂದ್ರೆ, ಆಗಲ್ಲ ಅಂತ ಬರ್ಕೊಡಿ.”

ಆಮೇಲೆ ನನ್ನ ಬೆಂಚಿನ ಕಡೆ ಬಂದ. ನಾನು ಸ್ವಲ್ಪ ಸರಿದು ಜಾಗ ಮಾಡಿಕೊಟ್ಟೆ.